ನೋಡದ ಚಿತ್ರಕ್ಕೆ ಅಂಕ ಕೊಡುವವರು

ಮಾನ್ಯ ಸಂಪಾದಕರೇ,

ಆಸ್ಕರ್ ಪ್ರಶಸ್ತಿಯ ಅಂತಿಮ ಸುತ್ತಿನಲ್ಲಿ ಯಾವ ವಿಭಾಗಕ್ಕೆ ಮತ ಹಾಕುತ್ತಾರೋ ಆ ವಿಭಾಗಕ್ಕೆ ನಾಮನಿರ್ದೇಶನಗೊಂಡ ಎಲ್ಲ ಚಿತ್ರಗಳನ್ನೂ ಸದಸ್ಯರು ನೋಡಿರಲೇಬೇಕೆಂಬ ನಿಯಮವನ್ನು ಅಕಾಡೆಮಿ 2025ರ ಏಪ್ರಿಲ್‌ನಲ್ಲಿ ಪ್ರಕಟಿಸಿ, 98ನೇ ಪ್ರಶಸ್ತಿಯಿಂದ ಜಾರಿಗೆ ತಂದಿತು. ಹಾಗಾದರೆ ಅಲ್ಲಿಯವರೆಗೆ ನೋಡದೆಯೂ ಮತ ಹಾಕಬಹುದಿತ್ತೇ ಎಂದು ಯಾರಾದರೂ ಕೇಳಿಯಾರು. ಹಾಕಬಹುದಿತ್ತು; ಹೆಸರು ಮರೆಮಾಚಿ ಪತ್ರಿಕೆಗಳೊಂದಿಗೆ ಮಾತನಾಡಿದ ಕೆಲವು ಮತದಾರರು ಅದನ್ನು ಒಪ್ಪಿಕೊಂಡದ್ದೂ ಉಂಟು. ಈಗ ಅಕಾಡೆಮಿಯ ಸ್ವಂತ ಜಾಲತಾಣದಲ್ಲಿ ನೋಡಿದರೆ ಅದು ದಾಖಲಾಗುತ್ತದೆ. ಚಿತ್ರಮಂದಿರದಲ್ಲೋ ಚಿತ್ರೋತ್ಸವದಲ್ಲೋ ನೋಡಿದವರು ಎಲ್ಲಿ, ಯಾವಾಗ ನೋಡಿದೆವೆಂದು ಬರೆದುಕೊಡಬೇಕು. ಈ ಎರಡನೆಯದು ಇನ್ನೂ ನಂಬಿಕೆಯ ಮೇಲೆಯೇ ನಿಂತಿದೆ.

ಅವರನ್ನು ನೋಡಿ ನಗುವ ಹಕ್ಕು ನನಗಿಲ್ಲ. ಕೆಲವು ವರ್ಷಗಳ ಹಿಂದೆ ತುಮಕೂರಿನಲ್ಲಿ ನಡೆದ ಕಿರುಚಿತ್ರ ಸ್ಪರ್ಧೆಯೊಂದಕ್ಕೆ ನಾನು ತೀರ್ಪುಗಾರನಾಗಿದ್ದೆ. ಪೆನ್‌ಡ್ರೈವ್‌ನಲ್ಲಿ ಇಪ್ಪತ್ತಮೂರು ಚಿತ್ರಗಳು ಬಂದವು. ಮನೆಯಲ್ಲಿ ಮದುವೆಯ ಓಡಾಟವಿತ್ತು. ಹನ್ನೆರಡನೆಯ ಚಿತ್ರದಿಂದಾಚೆಗೆ ನಾನು ಓಡಿಸಿ ಓಡಿಸಿ ನೋಡಿದೆ. ಬಹುಮಾನ ವಿತರಣೆಯ ದಿನ ಊಟದ ಹೊತ್ತಿನಲ್ಲಿ ಪಾವಗಡದ ಕಡೆಯ ಹುಡುಗನೊಬ್ಬ ಬಳಿಗೆ ಬಂದು, 'ಸಾರ್, ಕೊನೆಯಲ್ಲಿ ಅಜ್ಜಿ ಮಾತೇ ಆಡಲ್ವಲ್ಲ, ಅದು ನಿಮಗೆ ಅರ್ಥ ಆಯ್ತಾ?' ಎಂದು ಕೇಳಿದ. ಆ ಕೊನೆಯನ್ನು ನಾನು ನೋಡಿರಲೇ ಇಲ್ಲ. 'ಚೆನ್ನಾಗಿತ್ತಪ್ಪ' ಎಂದೆ. ಸಾಲದ್ದಕ್ಕೆ, ಅಂಕಪಟ್ಟಿಯನ್ನು ಪೆನ್ಸಿಲ್‌ನಲ್ಲಿಯೇ ತುಂಬಿಕೊಡುವಂತೆ ಸಂಘಟಕರು ಕೇಳಿದ್ದರು. ಏಕೆಂದು ನಾನು ವಿಚಾರಿಸಲೂ ಇಲ್ಲ.

ದೊಡ್ಡ ತಾರೆಯರ ಚಿತ್ರವನ್ನು ನೋಡದವರೂ ಅದರ ಬಗ್ಗೆ ಅಷ್ಟಿಷ್ಟು ಕೇಳಿರುತ್ತಾರೆ, ಆದ್ದರಿಂದ ತೀರ್ಪುಗಾರರ ಸೋಮಾರಿತನ ಅಂಥ ಚಿತ್ರಕ್ಕೆ ಲಾಭವೇ ಆಗುತ್ತದೆ. ಪೆಟ್ಟು ಬೀಳುವುದು ಸದ್ದಿಲ್ಲದೆ ಬಂದ ಸಣ್ಣ ಚಿತ್ರಕ್ಕೆ. ನಮ್ಮ ಜಿಲ್ಲೆಯ ನೊಣವಿನಕೆರೆಯವರಾದ ಉಮಾಶ್ರೀ ಅವರಿಗೆ 'ಗುಲಾಬಿ ಟಾಕೀಸ್' ಚಿತ್ರದ ಅಭಿನಯಕ್ಕಾಗಿ 2007ನೇ ಸಾಲಿನ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಬಂತು. ಅಬ್ಬರದ ಪ್ರಚಾರವಿಲ್ಲದ ಅಂಥ ಚಿತ್ರ ತೀರ್ಪುಗಾರರು ಕೂತು ನೋಡಿದರೆ ಮಾತ್ರ ಗೆಲ್ಲಬಲ್ಲದು. ಸ್ಪರ್ಧೆಯಲ್ಲಿರುವ ಚಿತ್ರದೊಂದಿಗೆ ಸಂಬಂಧವುಳ್ಳವರು ತೀರ್ಪುಗಾರರ ಮಂಡಳಿಯಲ್ಲಿ ಇರಬಾರದೆಂಬ ನಿಯಮವೂ ರಾಷ್ಟ್ರಪ್ರಶಸ್ತಿಗೆ ಇದೆ.

ಜಿಲ್ಲಾ ಮಟ್ಟದ ಸ್ಪರ್ಧೆಗಳಲ್ಲಿಯೂ ಇಷ್ಟನ್ನು ಕಡ್ಡಾಯ ಮಾಡುವುದು ಕಷ್ಟವಲ್ಲ. ಯಾವ ಚಿತ್ರವನ್ನು ಯಾವ ದಿನ ಪೂರ್ತಿ ನೋಡಿದೆನೆಂದು ತೀರ್ಪುಗಾರ ಸಹಿ ಮಾಡಿ ಕೊಡಲಿ, ನೋಡದಿದ್ದರೆ ಆ ವಿಭಾಗಕ್ಕೆ ಅಂಕವನ್ನೇ ಕೊಡದಿರಲಿ. ತನ್ನ ನೆಂಟರದೋ ಶಿಷ್ಯರದೋ ಚಿತ್ರವಿದ್ದರೆ ಮೊದಲೇ ತಿಳಿಸಿ ಹಿಂದೆ ಸರಿಯಲಿ. ಅಂಕಪಟ್ಟಿಯನ್ನು ಪೆನ್ನಿನಲ್ಲಿ ಬರೆಯಲಿ. ಈ ವರ್ಷವೂ ತೀರ್ಪುಗಾರನಾಗಿ ಬರಬೇಕೆಂದು ನನಗೆ ಕರೆ ಬಂದಿದ್ದು, ಈ ಷರತ್ತುಗಳನ್ನು ಬರೆದು ಕಳಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.

– ನಿವೃತ್ತ ಉಪನ್ಯಾಸಕ, ತುಮಕೂರು