ಎಷ್ಟು ಮೊಟ್ಟೆ ಅಂತ ಕೇಳಿದೆಯಲ್ಲ, ಅವ್ವ

ಮೆಲ್ಬರ್ನ್
ಜುಲೈ 12

ಅವ್ವ,

ನಾವೆಲ್ಲ ಚೆನ್ನಾಗಿದ್ದೇವೆ. ಅಪ್ಪನ ಮಂಡಿನೋವು ಈಗ ಹೇಗಿದೆ?

ಮೊನ್ನೆ ಫೋನಿನಲ್ಲಿ ನೀನು ನಮ್ಮ ಮೂರು ಕೋಳಿಗಳು ಎಷ್ಟು ಮೊಟ್ಟೆ ಇಡುತ್ತವೆ ಅಂತ ಕೇಳಿದೆ. ಅಷ್ಟರಲ್ಲಿ ಲೈನ್ ಕಟ್ ಆಯ್ತು. ಇಲ್ಲಿ ಈಗ ಚಳಿಗಾಲ. ಹಗಲು ಹತ್ತು ಗಂಟೆಯೂ ಇರುವುದಿಲ್ಲ. ಬೆಳಕು ಕಮ್ಮಿಯಾದರೆ ಮೊಟ್ಟೆಯೂ ಕಮ್ಮಿ. ದಿನಕ್ಕೆ ಒಂದು ಸಿಕ್ಕರೆ ಜಾಸ್ತಿ, ಅದೂ ಕೆಂಪಿಯದು. ಕಾಳಿ ಆಸ್ಟ್ರಲಾರ್ಪ್ ಅನ್ನುವ ಈ ದೇಶದ್ದೇ ತಳಿ. 1922-23ರಲ್ಲಿ ಆ ತಳಿಯ 6 ಹ್ಯಾಟೆಗಳು 365 ದಿನದಲ್ಲಿ 1857 ಮೊಟ್ಟೆ ಇಟ್ಟಿದ್ದವು. ನಮ್ಮ ಕಾಳಿ ಮೇ ತಿಂಗಳಿಂದ ಒಂದೂ ಇಟ್ಟಿಲ್ಲ. ಇಡದಿದ್ದರೂ ಇರಲಿ ಅವ್ವ, ಅವುಗಳನ್ನು ನೋಡುತ್ತಾ ಕೂತರೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ.

ಮೂರೂ ಒಂದೊಂದು ಥರ. ಕೆಂಪಿಗೆ ಭಯವೇ ಇಲ್ಲ. ಹಿತ್ತಿಲ ಮೆಟ್ಟಿಲ ಮೇಲೆ ಕಾಫಿ ಹಿಡಿದು ಕೂತರೆ ಬಂದು ನನ್ನ ಶೂ ದಾರ ಎಳೆಯುತ್ತಾಳೆ. ಕಾಳಿ ಯಜಮಾನಿ. ಮೊದಲ ಕಾಳು ಅವಳಿಗೇ ಸಿಗಬೇಕು. ಬೂದಿ ಪಾಪ, ಅವರಿಬ್ಬರೂ ತಿಂದು ಹೋಗುವ ತನಕ ನಿಂಬೆ ಗಿಡದ ಹಿಂದೆ ನಿಂತಿರುತ್ತಿದ್ದಳು.

ಡಿಸೆಂಬರಿನಲ್ಲಿ ಬೂದಿ ಕಾವಿಗೆ ಕೂತಳು. ನಮ್ಮ ಬಡಾವಣೆಯಲ್ಲಿ ಹುಂಜ ಸಾಕುವ ಹಾಗಿಲ್ಲ. ಆ ಮೊಟ್ಟೆ ಮರಿಯಾಗುವುದಿಲ್ಲ. ನೀರಿನಲ್ಲಿ ಅದ್ದಿ ಕಾವು ಬಿಡಿಸಲು ನನಗೆ ಮನಸ್ಸು ಬರಲಿಲ್ಲ. ಹುಂಜ ಇರುವ ಒಂದು ತೋಟದಿಂದ 6 ಮೊಟ್ಟೆ ತಂದೆ. ನೀನು ಇದ್ದಿಲಲ್ಲಿ ಗೀಟು ಎಳೆಯುತ್ತಿದ್ದೆಯಲ್ಲ, ಹಾಗೇ ಪೆನ್ಸಿಲಿನಲ್ಲಿ ಗುರುತು ಹಾಕಿ, ರಾತ್ರಿ ಅವಳ ಹೊಟ್ಟೆಯ ಕೆಳಗೆ ಸರಿಸಿದೆ.

ಇಪ್ಪತ್ತನೇ ದಿನ ಸಂಜೆ ಪುಟ್ಟಿ ಓಡಿ ಬಂದು ನನ್ನ ಕೈ ಹಿಡಿದು ಎಳೆದಳು. ಗೂಡಿನ ಹತ್ತಿರ ಉಸಿರು ಬಿಗಿಹಿಡಿದು ಕೂತೆವು. ಮೊಟ್ಟೆ ಇನ್ನೂ ಒಡೆದಿರಲಿಲ್ಲ. ಒಳಗಿನಿಂದಲೇ ಚಿಂವ್ ಅಂತ ಸಣ್ಣ ಸದ್ದು. ಬೂದಿ ಕತ್ತು ಬಗ್ಗಿಸಿ, ಗಂಟಲಿನಲ್ಲೇ ಗುರುಗುರು ಅಂತ ಉತ್ತರ ಕೊಡುತ್ತಿದ್ದಳು. ಒಳಗಿನ ಮರಿ ಮತ್ತೆ ಚಿಂವ್ ಅನ್ನುತ್ತಿತ್ತು. ಮಾರನೇ ದಿನ ನಾಲ್ಕು ಮರಿ ಹೊರಗೆ ಬಂದವು.

ಎರಡು ದಿನ ಬಿಟ್ಟು ಮರಿಗಳಿಗೆ ನುಚ್ಚು ಹಾಕಿದಾಗ ಕಾಳಿ ಎಂದಿನಂತೆ ನುಗ್ಗಿದಳು. ಬೂದಿ ಮೈಯ ಗರಿಯೆಲ್ಲ ಕೆದರಿಕೊಂಡು ಎದುರಿಗೆ ನಿಂತಳು. ಎರಡು ಪಾಲು ದೊಡ್ಡವಳಾಗಿ ಕಂಡಳು. ಕಾಳಿ ಹಿಂದೆ ಸರಿದಳು! ಪುಟ್ಟಿ ಚಪ್ಪಾಳೆ ತಟ್ಟಿದಳು, ನನ್ನ ಕಣ್ಣಲ್ಲಿ ನೀರು. ಮರಿಗಳಲ್ಲಿ ಎರಡು ಹುಂಜ ಆದವು. ನಾಲ್ಕನ್ನೂ ಅದೇ ತೋಟಕ್ಕೆ ಕೊಟ್ಟೆವು. ಆದರೆ ಬೂದಿ ಆಮೇಲೆ ನಿಂಬೆ ಗಿಡದ ಹಿಂದೆ ನಿಂತಿಲ್ಲ. ಕಾಳಿಯ ಪಕ್ಕದಲ್ಲೇ ತಿನ್ನುತ್ತಾಳೆ.

ಸಂಜೆ ಮಂಕರಿ ಕವುಚುವಾಗ ನೀನು ಕೋಳಿಗಳನ್ನು ಎಣಿಸುತ್ತಲೇ ಇರಲಿಲ್ಲ. ಒಮ್ಮೆ ನೋಡಿ "ಚುಕ್ಕಿ ಬಂದಿಲ್ಲ" ಅಂತ ಬೇಲಿ ಕಡೆ ಹೋಗುತ್ತಿದ್ದೆ. ಆಗ ನನಗೆ ಎಲ್ಲಾ ಒಂದೇ ಥರ ಕಾಣುತ್ತಿದ್ದವು. ಕೊಟ್ಟಿಗೆಯ ಅಟ್ಟ ಹತ್ತಿ ಮೊಟ್ಟೆ ಇಡುತ್ತಿದ್ದವಳನ್ನು ಏನಂತ ಕರೆಯುತ್ತಿದ್ದೆ? ಪುಟ್ಟಿ ದಿನಾ ಕೇಳುತ್ತಾಳೆ. ಭಾನುವಾರ ಫೋನ್ ಮಾಡುತ್ತೇನೆ, ಅವಳಿಗೇ ಹೇಳು.

ಕತ್ತಲಾಗುತ್ತಿದೆ. ಇಲ್ಲಿ ನರಿ ಕಾಟ. ಗೂಡಿನ ಬಾಗಿಲು ಹಾಕಿ ಬರಬೇಕು.

ನಿನ್ನ ಮಗಳು