ಎಲ್ಲದಕ್ಕೂ ಕೈ ಹಾಕುವ ಮಗಳಿಗೆ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಹವ್ಯಾಸಗಳನ್ನೆಲ್ಲ ಬಿಡಬೇಕಾ ಅಂತ ಕೇಳಿದ್ದಕ್ಕೆ ಅಪ್ಪ ಎರಡೇ ಮಾತಿನಲ್ಲಿ ಉತ್ತರ ಕೊಟ್ಟು ಮುಗಿಸಿದರು. "ಚೆಂಡೆ, ಡ್ರಾಯಿಂಗ್ ಎಲ್ಲ ಸದ್ಯಕ್ಕೆ ಬದಿಗಿಡು, ಮೊದಲು ಸಿಇಟಿ ಮುಗೀಲಿ" ಅಂತ. ನಾನು ಏನೂ ಹೇಳಲಿಲ್ಲ. ಅದನ್ನು ಒಪ್ಪಿಗೆ ಅಂತ ತಿಳಿಯಬೇಡ. ಆಗಷ್ಟೇ ಕರೆಂಟ್ ಬಂದಿತ್ತು. ಇಲ್ಲಿ ನೈಜೀರಿಯಾದ ಇಬಾದಾನಿನಲ್ಲಿ ಕರೆಂಟ್ ಬಂತೆಂದರೆ ಓಣಿಯ ಮಕ್ಕಳೆಲ್ಲ "ಅಪ್ ನೇಪಾ!" ಅಂತ ಕೂಗುತ್ತಾರೆ (ನೇಪಾ ಅಂದರೆ ಇಲ್ಲಿನ ಹಳೇ ವಿದ್ಯುತ್ ಮಂಡಳಿ), ನಾನು ಮಿಕ್ಸಿ, ಪಂಪು, ವಾಷಿಂಗ್ ಮಶೀನ್ ಅಂತ ಓಡುತ್ತೇನೆ, ಮತ್ತೆ ಯಾವಾಗ ಹೋಗುತ್ತದೋ ಯಾರಿಗೆ ಗೊತ್ತು. ಅದಕ್ಕೇ ಈಗ ನಿಧಾನವಾಗಿ ಕೂತು ಬರೆಯುತ್ತಿದ್ದೇನೆ. ವಾಟ್ಸಾಪಿನಲ್ಲಿ ಇಷ್ಟುದ್ದ ಕಳಿಸಿದರೆ ನೀನು ಒಂದು ಹೆಬ್ಬೆಟ್ಟು ಒತ್ತಿ ಮುಂದೆ ಹೋಗುತ್ತೀಯ, ಹಾಗಾಗಿ ಮೇಲ್.

ದೊಡ್ಡಪ್ಪ ನಿನಗೆ ಎರಡು ದೋಣಿಗೆ ಕಾಲಿಟ್ಟವರ ಕತೆ ಹೇಳಿದರಂತೆ. ನಿನ್ನದು ಎರಡಲ್ಲ ಬಿಡು. ಚೆಂಡೆ, ಚಿತ್ರ, ಪೈಥಾನ್, ಹಳೇ ರೇಡಿಯೋ ಬಿಚ್ಚೋದು, ಈಗ ಹೊಸದಾಗಿ ಯಕ್ಷಗಾನದ ವೇಷದ ಕಿರೀಟ ಮಾಡೋದು. ದೊಡ್ಡಪ್ಪನ ಮಾತಿನಲ್ಲಿ ಸತ್ಯ ಇಲ್ಲ ಅಂತಲ್ಲ. ಆದರೆ ಕಾರಂತರ ಹೆಸರೆತ್ತಿದರೆ ಅವರೇ ಕೈ ಮುಗಿಯುತ್ತಾರೆ. ಕಾದಂಬರಿ ಬರೆದರು, ಯಕ್ಷಗಾನ ಆಡಿಸಿದರು, ಮಕ್ಕಳಿಗೆ ವಿಜ್ಞಾನ ಬರೆದರು, ಪುತ್ತೂರಿನಲ್ಲಿ ಬಾಲವನ ಕಟ್ಟಿದರು, ಕೈಗಾ ಬೇಡ ಅಂತ ಹೋರಾಡಿದರು. ಆಗ ಯಾರಿಗೂ ದೋಣಿ ನೆನಪಾಗಲ್ಲ, ಮನೆ ಮಗಳು ಹಾಗೆ ಹೊರಟರೆ ಮಾತ್ರ ನೆನಪಾಗುತ್ತದೆ.

ಇರಲಿ. ನಾನು ಹೇಳಬೇಕಾದದ್ದು ಇಲ್ಲಿನ ಒಬ್ಬರ ಬಗ್ಗೆ.

ಡೆಮಾಸ್ ನ್ವೋಕೊ ಅಂತ ಅವರ ಹೆಸರು. ಹುಟ್ಟಿದ್ದು 1935ರಲ್ಲಿ, ಈಗಿನ ಡೆಲ್ಟಾ ರಾಜ್ಯದ ಇಡುಮುಜೆ-ಉಗ್ಬೊಕೊ ಅನ್ನುವ ಊರಿನಲ್ಲಿ. ಅವರ ಹೆಸರನ್ನು ನನಗೆ ಹೇಳಿದ್ದು ನಮ್ಮ ಸೈಟಿನ ಕಾರ್ಪರ್ ಹುಡುಗಿ. ಡಿಗ್ರಿ ಮುಗಿಸಿದ ಹುಡುಗ ಹುಡುಗಿಯರು ಇಲ್ಲಿ ಒಂದು ವರ್ಷ ರಾಷ್ಟ್ರೀಯ ಸೇವೆ ಮಾಡಬೇಕು, 1973ರಿಂದ ಇರುವ ಪದ್ಧತಿ. ಖಾಕಿ ಪ್ಯಾಂಟು, ಕಂದು ಬೂಟು ಹಾಕಿಕೊಂಡು ಓಡಾಡುತ್ತಾರೆ, ಜನ ಅವರನ್ನು ಕಾರ್ಪರ್ ಅಂತಲೇ ಕರೆಯೋದು. ಇವಳು ಬೆಳಿಗ್ಗೆ ಬಂದಾಗ ಒಂಚೂರು ಮೊಣಕಾಲು ಬಗ್ಗಿಸಿ "ಗುಡ್ ಮಾರ್ನಿಂಗ್ ಮಾ" ಅನ್ನುತ್ತಾಳೆ, ಆಮೇಲೆ ಇಡೀ ದಿನ ನನ್ನ ಜೊತೆ ವಾದ ಮಾಡುತ್ತಾಳೆ. ಇಲ್ಲಿನ ಕೆಂಪು ಮಣ್ಣನ್ನು ಅಗೆದು ಲಾರಿಯಲ್ಲಿ ಆಚೆ ಸಾಗಿಸುತ್ತಿದ್ದಾಗ, "ಇದೇ ಮಣ್ಣಿನಲ್ಲಿ ಡೆಮಾಸ್ ನ್ವೋಕೊ ಚಾಪೆಲ್ ಕಟ್ಟಿದ್ದಾರೆ, ನಾವು ಬಿಸಾಡ್ತಿದ್ದೇವೆ" ಅಂದಳು. ಮುಂದಿನ ಭಾನುವಾರ ಕೆಕೆ ಹತ್ತಿಸಿಕೊಂಡು ಕರೆದುಕೊಂಡೂ ಹೋದಳು. ಕೆಕೆ ಅಂದರೆ ಮತ್ತೇನಲ್ಲ, ನಮ್ಮ ಬಜಾಜ್ ಆಟೋ.

ಇಬಾದಾನಿನ ಡೊಮಿನಿಕನ್ ಪಾದ್ರಿಗಳಿಗೆ ಕಟ್ಟಿಕೊಟ್ಟ ಚಾಪೆಲ್ ಅದು. 1970ರ ಆಸುಪಾಸಿನ ಕೆಲಸ. ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಗೋಡೆ. ಹತ್ತಿರ ಹೋಗಿ ಅಂಗೈ ಇಟ್ಟು ನೋಡಿದೆ. ಒರಟು, ಕೆಂಪು, ನಮ್ಮ ಕಡೆಯ ಮುರಕಲ್ಲಿನ ಬಣ್ಣವೇ. ಆಶ್ಚರ್ಯ ಏನಿಲ್ಲ, ಎರಡೂ ಕಡೆ ಇರುವುದು ಲ್ಯಾಟರೈಟೇ. ಜಾಸ್ತಿ ಮಳೆ, ಜಾಸ್ತಿ ಬಿಸಿಲು ಇರುವ ಕಡೆ ಬಂಡೆ ಸವೆದು, ಉಳಿದದ್ದೆಲ್ಲ ತೊಳೆದು ಹೋಗಿ, ಕಬ್ಬಿಣದ ಅಂಶ ಉಳಿದು ಹೀಗೆ ಕೆಂಪಾಗುತ್ತದೆ. ನಮ್ಮ ಕಡೆ ಕೋರೆಯಲ್ಲಿ ಕಲ್ಲನ್ನೇ ಕತ್ತರಿಸಿ ತೆಗೆಯುತ್ತಾರೆ. ನ್ವೋಕೊ ಇಲ್ಲಿನ ಮಣ್ಣಿಗೆ ಸಿಮೆಂಟ್ ಬೆರೆಸಿ ತಮ್ಮದೇ ಬ್ಲಾಕ್ ಮಾಡಿಕೊಂಡರು, ಅದಕ್ಕೆ ಲ್ಯಾಟ್‌ಕ್ರೀಟ್ ಅಂತ ಹೆಸರಿಟ್ಟರು. ಕಂಬಗಳು ಮರದವು, ಕೆತ್ತನೆಯವು. ಬಾಗಿಲು, ಕಬ್ಬಿಣದ ಕೆಲಸ, ಎಲ್ಲದರಲ್ಲೂ ಅವರದೇ ಕೈ. ಸಿವಿಲ್ ಇಂಜಿನಿಯರ್ ಆಗಿ ಇಷ್ಟು ವರ್ಷ ಕಟ್ಟಡ ನೋಡಿದ್ದೇನೆ, ಡ್ರಾಯಿಂಗ್ ಒಬ್ಬರದು, ಕೆಲಸ ಇನ್ನೊಬ್ಬರದು, ಬೈಗುಳ ಮೂರನೆಯವರಿಗೆ. ಬಾಗಿಲಿನಿಂದ ಹಿಡಿದು ಬೆಳಕು ಬೀಳುವ ಜಾಗದ ತನಕ ಒಬ್ಬರೇ ಯೋಚಿಸಿದ ಕಟ್ಟಡ ನೋಡೋದು ಬೇರೆಯೇ ಅನುಭವ.

ಈಗ ಕೇಳು. ಇವರು ಆರ್ಕಿಟೆಕ್ಚರ್ ಓದಿದವರೇ ಅಲ್ಲ! ಓದಬೇಕು ಅಂತಲೇ ಹೊರಟದ್ದು, ಆದರೆ ಅಲ್ಲಿ ಬರೀ ಗೆರೆ ಎಳೆಯೋದೇ ಜಾಸ್ತಿ, ಸ್ವಂತ ಕಲ್ಪನೆಗೆ ಜಾಗ ಇಲ್ಲ ಅನ್ನಿಸಿ ಚಿತ್ರಕಲೆಗೆ ಸೇರಿದರು. ಉತ್ತರದ ಝಾರಿಯಾದ ಕಾಲೇಜು. ಪಾಠವೆಲ್ಲ ಇಂಗ್ಲೆಂಡಿನ ಮಾದರಿಯದು. 1958ರಲ್ಲಿ ಅಲ್ಲಿನ ಕೆಲವು ವಿದ್ಯಾರ್ಥಿಗಳು ಸೇರಿ ತಮ್ಮದೊಂದು ಸಂಘ ಮಾಡಿಕೊಂಡರು, ಉಚೆ ಒಕೆಕೆ, ಬ್ರೂಸ್ ಒನೊಬ್ರಾಕ್‌ಪೆಯಾ, ಯೂಸುಫ್ ಗ್ರಿಲ್ಲೊ, ನ್ವೋಕೊ ಎಲ್ಲ. ಎಲ್ಲರೂ ಇಪ್ಪತ್ತರ ಹರೆಯದವರು, ನಿನಗಿಂತ ಭಾರೀ ದೊಡ್ಡವರೇನಲ್ಲ. ದೇಶಕ್ಕೆ ಸ್ವಾತಂತ್ರ್ಯ ಬಂದದ್ದು 1960ರ ಅಕ್ಟೋಬರಿನಲ್ಲಿ, ಅದಕ್ಕೂ ಮೊದಲೇ ಈ ಮಕ್ಕಳು ಹೊರಗಿನದರಲ್ಲಿ ಒಳ್ಳೆಯದನ್ನು ತಗೊಳ್ಳೋಣ, ಆದರೆ ನಮ್ಮ ಊರಿನ ಕಲೆಯನ್ನು ಬಿಟ್ಟುಕೊಡೋದು ಬೇಡ ಅಂತ ತೀರ್ಮಾನ ಮಾಡಿಯಾಗಿತ್ತು. ಇವತ್ತು ಝಾರಿಯಾದ ಬಂಡಾಯಗಾರರು ಅಂತ ಪುಸ್ತಕಗಳಲ್ಲಿ ಬರುತ್ತಾರೆ.

ಅಲ್ಲಿಂದ ಅವರು ಪ್ಯಾರಿಸ್‌ಗೆ ಹೋಗಿ ರಂಗಸಜ್ಜಿಕೆ ಕಲಿತರು. ವಾಪಸ್ ಬಂದು ಇಬಾದಾನ್ ವಿಶ್ವವಿದ್ಯಾಲಯದ ನಾಟಕ ವಿಭಾಗದಲ್ಲಿ 1978ರವರೆಗೂ ಪಾಠ ಮಾಡಿದರು. ಅದರ ನಡುವೆಯೇ ಮಣ್ಣಿನ ಶಿಲ್ಪಗಳನ್ನು ಹಳೇ ಪದ್ಧತಿಯಲ್ಲಿ ಸುಟ್ಟು ನೋಡಿದರು. ನೋಕ್ ಅನ್ನುವ ಜಾಗದಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದಿನ ಸುಟ್ಟ ಮಣ್ಣಿನ ತಲೆಗಳು ಸಿಕ್ಕಿವೆ, ಅವು ಇವರ ತಲೆಯಲ್ಲಿ ಕೂತುಬಿಟ್ಟಿದ್ದವು. ಒಂದು ಕಲಾ ಪತ್ರಿಕೆ ಬೇರೆ ತಂದರು. ಇದೇ ದೇಶದ ಬೆನಿನ್ ನಗರದ ರಂಗಮಂದಿರ ಕಟ್ಟಿದ್ದೂ ಇವರೇ, ಗ್ರೀಕರ ರಂಗವನ್ನೂ ಜಪಾನಿನ ರಂಗವನ್ನೂ ನೋಡಿ, ಎರಡನ್ನೂ ಇಲ್ಲಿಗೆ ಒಗ್ಗಿಸಿಕೊಂಡು. 1972ರಲ್ಲಿ ಶುರುವಾದದ್ದು ಮುಗಿದದ್ದು 1995ರಲ್ಲಿ. ನಾವು ಮುಗಿಯದೇ ಎಳೆದ ಮಂಗಳೂರಿನ ಪಂಪ್‌ವೆಲ್ ಫ್ಲೈಓವರಿಗೆ ಎಷ್ಟು ನಗಾಡಿದ್ದೆವು, ಅಲ್ವಾ?

2023ರಲ್ಲಿ ವೆನಿಸ್ಸಿನ ಆರ್ಕಿಟೆಕ್ಚರ್ ಬಿಯನಾಲೆ ಅನ್ನುವ ದೊಡ್ಡ ಪ್ರದರ್ಶನದಲ್ಲಿ ಜೀವಮಾನದ ಸಾಧನೆಗೆ ಕೊಡುವ ಚಿನ್ನದ ಸಿಂಹ ಪ್ರಶಸ್ತಿ ಅವರಿಗೆ ಬಂತು. ಆಗ ಅವರಿಗೆ 87 ವರ್ಷ.

ನನಗೆ ಹಿಡಿಸಿದ್ದು ಪ್ರಶಸ್ತಿ ಅಲ್ಲ. ಇವರ ಒಂದು ಹುಚ್ಚು ಇನ್ನೊಂದಕ್ಕೆ ಉಪಯೋಗಕ್ಕೆ ಬಂದ ರೀತಿ. ಮಣ್ಣು ಸುಟ್ಟವರಿಗೆ ಮಣ್ಣಿನ ಗುಣ ಗೊತ್ತಿರುತ್ತದೆ, ಅದು ಗೋಡೆಗೆ ಬಂತು. ನಾಟಕಕ್ಕೆ ರಂಗ ಸಜ್ಜು ಮಾಡಿದವರಿಗೆ ಜನ ಎಲ್ಲಿಂದ ಒಳಗೆ ಬರುತ್ತಾರೆ, ಕಣ್ಣು ಮೊದಲು ಎಲ್ಲಿ ನಿಲ್ಲುತ್ತದೆ ಅನ್ನೋದು ಗೊತ್ತಿರುತ್ತದೆ, ಅದು ಚಾಪೆಲಿಗೆ ಬಂತು. ಹೀಗೆ ನಾನು ಅಂದುಕೊಂಡಿದ್ದೇನೆ, ಅವರನ್ನೇ ಕೇಳಿದರೆ ಏನು ಹೇಳುತ್ತಾರೋ. ಆದರೆ ಒಂದು ಗಮನಿಸು, ಇವರು ಯಾವುದನ್ನೂ ಬರೀ ನೋಡಿ ಖುಷಿಪಟ್ಟು ಬಿಡಲಿಲ್ಲ, ಕೈಯಿಂದ ಮಾಡಿ ಮುಗಿಸಿದರು. ನಿನ್ನ ಪಟ್ಟಿಯಲ್ಲಿ ಚೆಂಡೆ ಹಾಗಿದೆ, ಬೆರಳು ಊದಿಕೊಂಡರೂ ಕ್ಲಾಸ್ ತಪ್ಪಿಸಿದವಳಲ್ಲ ನೀನು. ಕಿರೀಟವೂ ಹಾಗೇ ಕಾಣುತ್ತದೆ. ಪೈಥಾನ್ ಮಾತ್ರ ವಿಡಿಯೋ ನೋಡೋದರಲ್ಲೇ ಇದೆ, ಬೇಜಾರು ಮಾಡ್ಕೋಬೇಡ. ಬಿಡೋದಿದ್ದರೆ ಹಾಗೆ ವಿಂಗಡಿಸಿ ಬಿಡು, ಸಿಇಟಿ ಬಂತು ಅಂತ ಎಲ್ಲದಕ್ಕೂ ಒಟ್ಟಿಗೆ ಬೀಗ ಹಾಕಬೇಡ.

ಅಪ್ಪ ಇದನ್ನು ಓದಿದರೆ ಏನು ಕೇಳುತ್ತಾರೆ ಅಂತ ಗೊತ್ತು. ನ್ವೋಕೊ ಅವರ ಅಪ್ಪ ಊರಿನ ಓಬಿ, ಅಂದರೆ ಅರಸು. ಸ್ಕಾಲರ್‌ಶಿಪ್ ಸಿಕ್ಕಿತು, ಪ್ಯಾರಿಸ್ ನೋಡಿದರು. ಎಲ್ಲರಿಗೂ ಹಾಗೆ ಸಿಗುತ್ತಾ? ನ್ಯಾಯವಾದ ಪ್ರಶ್ನೆ. ಈ ಕಾರ್ಪರ್ ಹುಡುಗಿಯನ್ನೇ ನೋಡು. 2022ರಲ್ಲಿ ಇಲ್ಲಿನ ವಿಶ್ವವಿದ್ಯಾಲಯದ ಮೇಷ್ಟ್ರುಗಳು ಎಂಟು ತಿಂಗಳು ಮುಷ್ಕರ ಹೂಡಿದರು. ಫೆಬ್ರವರಿಯಲ್ಲಿ ಮುಚ್ಚಿದ ಕ್ಲಾಸು ತೆರೆದದ್ದು ಅಕ್ಟೋಬರಿನಲ್ಲಿ. ಇವಳು ಆ ಹೊತ್ತಿನಲ್ಲಿ ಚಿಕ್ಕಮ್ಮನ ಅಂಗಡಿಯಲ್ಲಿ ಅಂಕಾರಾ ಅನ್ನುವ ಬಣ್ಣದ ಅಚ್ಚಿನ ಬಟ್ಟೆ ಹೊಲಿಯೋದು ಕಲಿತಳು, ಈಗಲೂ ಸಂಜೆ ಹೊಲಿಯುತ್ತಾಳೆ. ಜೊತೆಗೆ ಫೋನಿನಲ್ಲೇ ಪೋಸ್ಟರ್ ಮಾಡಿಕೊಟ್ಟು ಕಾಸು ತೆಗೆದುಕೊಳ್ಳುತ್ತಾಳೆ. ಇಲ್ಲಿ ಎಲ್ಲರ ಬಾಯಲ್ಲೂ ಹಸಲ್, ಹಸಲ್, ಅಂದರೆ ಸಿಕ್ಕ ಕೆಲಸ ಮಾಡಿ ಕಾಸು ಸಂಪಾದಿಸೋದು. ಅವಳಿಗೆ ಅದು ಹವ್ಯಾಸ ಅಲ್ಲ, ಹೊಟ್ಟೆಪಾಡು. ಅದನ್ನು ನಿನ್ನ ಚೆಂಡೆಯ ಜೊತೆ ಇಟ್ಟು ತೂಗೋದಕ್ಕೆ ನನಗೆ ಸಂಕೋಚ.

ಇಪ್ಪತ್ತು ಕೋಟಿಗಿಂತ ಜಾಸ್ತಿ ಜನ ಇರುವ ದೇಶ ಇದು, ಹತ್ತಿರ ಹತ್ತಿರ ಅರ್ಧ ಜನ ನಿನ್ನ ವಯಸ್ಸಿನವರು ಇಲ್ಲಾ ನಿನಗಿಂತ ಚಿಕ್ಕವರು. ಬಸ್ಸಿನಲ್ಲಿ, ಸಂತೆಯಲ್ಲಿ, ಎಲ್ಲಿ ನೋಡಿದರೂ ಹುಡುಗರು. ಅವರಲ್ಲಿ ತುಂಬ ಜನಕ್ಕೆ ಜಪಾ ಆಸೆ, ಹೇಗಾದರೂ ಮಾಡಿ ಕೆನಡಾ, ಇಂಗ್ಲೆಂಡ್ ಅಂತ ಹೋಗೋದು. ಬೈಯೋದಕ್ಕೆ ನಾನ್ಯಾರು, ನಾನೇ ಊರು ಬಿಟ್ಟು ಇಲ್ಲಿ ಕೂತಿದ್ದೇನೆ. ನ್ವೋಕೊ ಮಾತ್ರ ಬೇರೆ ದಾರಿ ಹಿಡಿದರು. ಸರ್ಟಿಫಿಕೇಟ್ ಇರುವವರನ್ನೇ ಹುಡುಕಿಕೊಂಡು ಹೋಗದೆ ಸ್ಥಳೀಯ ಹುಡುಗರಿಗೆ ತಮ್ಮ ಕಾರ್ಯಾಗಾರದಲ್ಲೇ ಕೆಲಸ ಕಲಿಸಿದರು, ಮರಗೆಲಸ, ಬ್ಲಾಕ್ ಮಾಡೋದು, ಎಲ್ಲ. ಭಾಷಣ ಮಾಡೋದಕ್ಕಿಂತ ಇದು ಕಷ್ಟದ ಕೆಲಸ, ಸೈಟಿನಲ್ಲಿ ಹೊಸ ಹುಡುಗರಿಗೆ ಗೋಡೆ ನೆಟ್ಟಗಿದೆಯಾ ಅಂತ ನೋಡೋ ಓಳಂಬ ಹಿಡಿಯೋದು ಕಲಿಸಿ ನೋಡಿದವಳಾಗಿ ಹೇಳುತ್ತಿದ್ದೇನೆ. ನಮ್ಮ ಹುಡುಗಿ ಹೋಗುತ್ತಾಳೋ ಇರುತ್ತಾಳೋ ಗೊತ್ತಿಲ್ಲ. "ಮೊದಲು ಒಂದು ಮಣ್ಣಿನ ಮನೆ ಕಟ್ತೀನಿ ಮಾ, ಆಮೇಲೆ ವೀಸಾ" ಅಂದಳು.

ಇನ್ನು ವ್ಯವಹಾರದ ಮಾತು. ಸಿಇಟಿ ಬರಿ, ಅದರಲ್ಲಿ ರಾಜಿ ಇಲ್ಲ. ಆರ್ಕಿಟೆಕ್ಚರ್ ಬೇಕು ಅಂತ ಅನ್ನಿಸಿದರೆ ನಾಟಾನೂ ಬರಿ, ಫೀಸು ನಾನು ಕಟ್ಟುತ್ತೇನೆ, ಅಪ್ಪನ ಹತ್ತಿರ ನಾನೇ ಮಾತಾಡುತ್ತೇನೆ. ಚೆಂಡೆ ಭಾನುವಾರ ಒಂದು ದಿನ ಇರಲಿ, ಬಾಕಿ ದಿನ ಬೇಡ. ರೇಡಿಯೋ ಬಿಚ್ಚೋದನ್ನು ಪರೀಕ್ಷೆ ಮುಗಿಯೋ ತನಕ ನಿಲ್ಲಿಸು, ಬಿಚ್ಚಿದ್ದನ್ನು ಒಂದು ಡಬ್ಬಿಗೆ ಹಾಕಿಡು, ಕಳೆದ ಸಲ ಸ್ಕ್ರೂಗಳೆಲ್ಲ ಅಜ್ಜಿಯ ಎಲೆಯಡಿಕೆ ತಟ್ಟೆಯಲ್ಲಿ ಸಿಕ್ಕಿದ್ದವಂತೆ.

ನನಗೊಂದು ಕೆಲಸ ಮಾಡಿಕೊಡು. ಬೆನಿನ್ ಕಡೆಯ ಹಳೇ ಮನೆಗಳಲ್ಲಿ ನಡುವೆ ಆಕಾಶಕ್ಕೆ ತೆರೆದ ಅಂಗಳ ಇರುತ್ತದೆ, ಸೂರಿನ ಮಳೆನೀರೆಲ್ಲ ಅಲ್ಲಿಗೇ ಬೀಳುತ್ತದೆ. ಅಜ್ಜನ ನಾಲ್ಕುಸುತ್ತಿನ ಮನೆಯಲ್ಲೂ ಹಾಗೇ ಇದೆಯಲ್ಲ ಅಂತ ಹೇಳಿದಾಗ ಹುಡುಗಿ ನಂಬಲಿಲ್ಲ, ಅಳತೆ ಸಮೇತ ತೋರಿಸಿ ಅಂದಳು. ಮುಂದಿನ ವಾರ ಊರಿಗೆ ಹೋದಾಗ ಒಳ ಅಂಗಳದ ಉದ್ದ ಅಗಲ, ಸುತ್ತಲಿನ ಜಗಲಿ, ಕೆಂಪು ಕಲ್ಲಿನ ಗೋಡೆ ಎಷ್ಟು ದಪ್ಪ, ಹೆಂಚಿನ ಮಾಡು ಎಷ್ಟು ಇಳಿಜಾರು, ನೀರು ಯಾವ ಮೂಲೆಯಿಂದ ಹೊರಗೆ ಹೋಗುತ್ತದೆ, ಎಲ್ಲ ಅಳೆದು ಪೆನ್ಸಿಲ್‌ನಲ್ಲಿ ಬರೆದು ಫೋಟೋ ಕಳಿಸು. ಟೇಪು ಅಜ್ಜನ ಮೇಜಿನ ಎರಡನೇ ಡ್ರಾಯರಿನಲ್ಲಿದೆ. ಅಡಿ ಇಂಚಿನಲ್ಲಿ ಬೇಡ, ಮೀಟರಿನಲ್ಲಿ ಬರಿ.

ನಿನ್ನ ಅಮ್ಮ