ಕೌದಿ ತುಳಿದವರು

ಎಲ್ಲರಿಗೂ ಮಹಾನವಮಿಯ ಶುಭಾಶಯಗಳು. ಈ ಸಂಚಿಕೆ ನಾಳೆ ಬೆಳಿಗ್ಗೆ ಹೋಗಲೇಬೇಕು, ಈಗ ರಾತ್ರಿ ಹನ್ನೊಂದೂವರೆ. ರಾಜ್ಯೋತ್ಸವದ ಬಗ್ಗೆ ಬರೆಯೋಣ ಅಂತ ಕೂತಿದ್ದೆ. ಆದರೆ ಸಂಜೆ ಮಗಳು ಕೇಳಿದ್ದೇ ತಲೆಯಲ್ಲಿ ಸುತ್ತುತ್ತಿದೆ. "ಅಮ್ಮಾ, ನಮ್ಮ ಕ್ಲಾಸಲ್ಲಿ ವಾಕರ್ ಅನ್ನೋ ಮನೆತನದ ಹೆಸರಿನವರು ಇಬ್ಬರಿದ್ದಾರೆ. ಅವರ ಅಜ್ಜಂದಿರು ಜಾಸ್ತಿ ನಡೀತಿದ್ರಾ?"

ನಡೆಯುತ್ತಿದ್ದರು. ಆದರೆ ರಸ್ತೆ ಮೇಲಲ್ಲ, ಬಟ್ಟೆ ಮೇಲೆ. ಮಗ್ಗದಿಂದ ಇಳಿದ ಉಣ್ಣೆ ಬಟ್ಟೆಯಲ್ಲಿ ಕುರಿಯ ಜಿಡ್ಡು ಹಾಗೇ ಇರುತ್ತದೆ, ನೇಯ್ಗೆಯೂ ಸಡಿಲ. ಅದನ್ನು ತೊಟ್ಟಿಗೆ ಹಾಕಿ, ನೀರು, ಜಿಡ್ಡು ಹೀರುವ ಮಣ್ಣು, ಹಳಸಿದ ಮೂತ್ರ ಎಲ್ಲ ಸುರಿದು ಗಂಟೆಗಟ್ಟಲೆ ಬರಿಗಾಲಲ್ಲಿ ತುಳಿಯುತ್ತಿದ್ದರು. ಮೂತ್ರದ ಅಮೋನಿಯಾ ಜಿಡ್ಡು ಬಿಡಿಸುತ್ತದೆ, ತುಳಿದಷ್ಟೂ ಎಳೆಗಳು ಹೆಣೆದುಕೊಂಡು ಬಟ್ಟೆ ಕುಗ್ಗಿ ದಪ್ಪವಾಗುತ್ತದೆ. ಹೀಗೆ ತುಳಿಯುವವರು ಇಂಗ್ಲೆಂಡಿನ ನಮ್ಮ ಈ ಉತ್ತರದ ಕಡೆ ವಾಕರ್ ಆದರು, ಆಗ್ನೇಯದಲ್ಲಿ ಫುಲ್ಲರ್, ನೈಋತ್ಯದ ಡೆವನ್, ಸಾಮರ್ಸೆಟ್ ಕಡೆ ಟಕರ್. ಒಂದೇ ಕೆಲಸ, ಮೂರು ಹೆಸರು! ನಾವು ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿಗೆ ಇಲ್ಲಿನ ಅಂಗಡಿಯಲ್ಲಿ ಫುಲ್ಲರ್ಸ್ ಅರ್ತ್ ಅಂತಾರಲ್ವಾ, ಅದು ಇವರ ಮಣ್ಣೇ.

ಇದನ್ನು ಹೇಳುತ್ತಾ ಹೇಳುತ್ತಾ ನಾನು ನಮ್ಮೂರ ಹೊಳೆಗೆ ಹೋಗಿಬಿಟ್ಟೆ. ಮಹಾನವಮಿಗೆ ಮುಂಚೆ ಮನೆಯ ಹಾಸಿಗೆ, ಕೌದಿ, ಕಂಬಳಿ ಎಲ್ಲ ಚಕ್ಕಡಿಗೆ ಹೇರಿ ಹೊಳೆಗೆ ಒಯ್ಯುತ್ತಿದ್ದೆವು. ನೆನೆದ ಕೌದಿಯನ್ನು ಒಬ್ಬರೇ ಎತ್ತೋಕಾಗಲ್ಲ. ಬಂಡೆ ಮೇಲೆ ಹಾಸಿ, ಸೌಳು ಮಣ್ಣು ಉಜ್ಜಿ, ಹುಡುಗರನ್ನೆಲ್ಲ ಅದರ ಮೇಲೆ ನಿಲ್ಲಿಸುತ್ತಿದ್ದರು. ಅಜ್ಜಿ ದಂಡೆಯಲ್ಲಿ ಕೂತು ಕೂಗುತ್ತಿದ್ದಳು, "ಕುಣೀಬ್ಯಾಡ್ರೋ, ಹಿಮ್ಮಡ ಊರಿ ತುಳೀರಿ!" ಹಿಮ್ಮಡ ಊರಿದ ಕಡೆ ಕಂದು ನೀರು ಉಕ್ಕಿ ಬೆರಳ ಸಂದಿಯಿಂದ ಹರಿಯುತ್ತಿತ್ತು. ಹಳೇ ಸೀರೆಯ ತೇಪೆ, ಅದರ ಮೇಲೆ ಅಜ್ಜಿಯ ದಪ್ಪ ಹೊಲಿಗೆ ಅಂಗಾಲಿಗೆ ಒತ್ತುತ್ತಿತ್ತು. ಮಧ್ಯಾಹ್ನ ಅಲ್ಲೇ ರೊಟ್ಟಿ, ಶೇಂಗಾ ಚಟ್ನಿ. ಸಂಜೆಗೆ ದಂಡೆಯ ತುಂಬಾ ಕೌದಿಗಳು ಒಣಗುತ್ತಿದ್ದವು.

ಮಗಳು ಸುಮ್ನೆ ಕೇಳಿಸಿಕೊಂಡು, "ಹಾಗಾದ್ರೆ ನೀನೂ ವಾಕರ್ರೇ" ಅಂದಳು.

ಇಲ್ಲಿ ಇಂಗ್ಲೆಂಡಿನಲ್ಲಿ ಕಾಲಿನ ಕೆಲಸ ಬೇಗ ಹೋಯಿತು. ನೀರಿನ ಚಕ್ರದಿಂದ ಮರದ ಸುತ್ತಿಗೆ ಎತ್ತಿ ಬಡಿಯುವ ಗಿರಣಿಗಳು 12ನೇ ಶತಮಾನಕ್ಕೇ ಬಂದವು. ಟೆಂಪ್ಲರ್‌ಗಳು ಎಂಬ ಕ್ರೈಸ್ತ ಯೋಧ ಸನ್ಯಾಸಿಗಳು 1185ರಲ್ಲಿ ಬರೆಸಿದ ಆಸ್ತಿ ಪಟ್ಟಿಯಲ್ಲಿ ಅಂಥ ಗಿರಣಿ ಇದೆ. ಆದರೂ ಹೆಸರು ಮಾತ್ರ ಮಕ್ಕಳು ಮೊಮ್ಮಕ್ಕಳಿಗೆ ಅಂಟಿಕೊಂಡೇ ಬಂತು. ನಮ್ಮ ಬಡಿಗೇರ, ಹೂಗಾರ, ಕಮ್ಮಾರ ಮನೆತನಗಳ ಹಾಗೆಯೇ.

ಈಗ ಸೂಚನೆಗಳು, ಅವಸರದಲ್ಲಿ. ದಸರಾ ಊಟ ಬರುವ ಶನಿವಾರ ಮಧ್ಯಾಹ್ನ 12ಕ್ಕೆ, ಎಂದಿನ ಹಾಲ್‌ನಲ್ಲೇ, ತಟ್ಟೆ ಲೋಟ ಮನೆಯಿಂದ ತನ್ನಿ. ಗೊಂಬೆ ಜೋಡಿಸುವವರು 10ಕ್ಕೇ ಬನ್ನಿ. ರಾಜ್ಯೋತ್ಸವದ ನಾಟಕಕ್ಕೆ ಇನ್ನೂ ಇಬ್ಬರು ಬೇಕು. ವಸಂತ ರಜೆಯಲ್ಲಿ ಲ್ಯಾಂಕಶೈರ್‌ನ ಹೆಲ್ಮ್‌ಶೋರ್ ಗಿರಣಿ ಮ್ಯೂಸಿಯಂಗೆ ಮಕ್ಕಳನ್ನು ಕರೆದುಕೊಂಡು ಹೋಗುವ ಆಸೆ ಇದೆ, ಆ ಸುತ್ತಿಗೆಗಳು, ನೀರಿನ ಚಕ್ರ ಅಲ್ಲಿವೆ. ಕಾರಿನಲ್ಲಿ ಜಾಗ ಇರುವವರು ತಿಳಿಸಿ.

ಇನ್ನೊಂದು ಮಾತು. ಈ ಪತ್ರಿಕೆಯ ಟೈಪಿಂಗ್, ತಿದ್ದುಪಡಿ, ಪುಟ ಜೋಡಣೆ ಈಗ ನನ್ನೊಬ್ಬಳಿಂದ ಆಗುತ್ತಿಲ್ಲ, ತಿಂಗಳಿಗೆ ಎರಡು ಸಂಜೆ ಕೊಡುವವರು ಒಬ್ಬರು ಸಿಕ್ಕರೂ ಸಾಕು. ಮುಂದಿನ ಸಂಚಿಕೆಗೆ ನಿಮ್ಮ ಮನೆತನದ ಹೆಸರಿನ ಕಥೆ ಕಳಿಸಿ. ಊರಿಗೆ ಫೋನ್ ಮಾಡಿ ಹಿರಿಯರನ್ನು ಕೇಳಿ, ಮಕ್ಕಳೇ ಕೇಳಿದರೆ ಇನ್ನೂ ಒಳ್ಳೇದು. ಅರ್ಧ ಪುಟ ಸಾಕು, 20ನೇ ತಾರೀಖಿನೊಳಗೆ.